ನರದ ಸಾಲಿನಲ್ಲಿ ನಾನು ಬರೆದ ಸುಳ್ಳು

ಕ್ರಿ.ಶ. 2331, ಫೆಬ್ರವರಿ ಮೂವತ್ತು
ತುಂಗಭದ್ರೆಯ ದಂಡೆ

ಮುನ್ನೂರು ವರ್ಷ ಹಿಂದಿನ ಹಿರಿಯರಿಗೆ ನೀಲಗಂಗಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಕೆಲವು ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಾನು ಇಲ್ಲಿನ ಆಸ್ಪತ್ರೆಯಲ್ಲಿ ಕೂಗುಪಟ್ಟಿ ಓದುವವಳು. ರೋಗಾಣು ಮೈಹೊಕ್ಕಾಗ ನಮ್ಮ ಕೆಲವು ಜೀನ್‌ಗಳು ರಕ್ಷಣಾ ಕಣಗಳನ್ನು ಕೂಗಿ ಕರೆಯುತ್ತವೆ. ಯಾವ ಅಂಗಾಂಶದಲ್ಲಿ ಯಾವ ಜೀನು ಎಷ್ಟು ಜೋರಾಗಿ ಕೂಗುತ್ತಿದೆ ಎಂಬುದರ ದಾಖಲೆಯೇ ಕೂಗುಪಟ್ಟಿ. ಕುಷ್ಠ ಮುಗಿದ ಕಥೆ ಎಂದು ನಾವು ಎಷ್ಟೋ ಸಲ ಅಂದುಕೊಂಡೆವು. ಈಗಲೂ ವರ್ಷಕ್ಕೆ ಒಬ್ಬಿಬ್ಬರು ಬರುತ್ತಾರೆ.

ಪಟ್ಟಿಯಲ್ಲಿ ಚರ್ಮಕ್ಕೊಂದು ಸಾಲು, ನರಕ್ಕೊಂದು ಸಾಲು. ಚರ್ಮವನ್ನು ಓದಲು ಅರೆಗಳಿಗೆ ಸಾಕು. ನರಕ್ಕೆ ಮಾತ್ರ ಕೂದಲಿನಷ್ಟು ತೆಳುವಾದ ಎಳೆಯನ್ನು ಮೊಣಕೈ ಬಳಿ ಇಳಿಸಿ, ರೋಗಿಯ ಪಕ್ಕ ಇಡೀ ದಿನ ಕೂರಬೇಕು. ಹಾಗಾಗಿ ಚರ್ಮ ಶಾಂತವಾಗಿದ್ದರೆ ನರದ ಸಾಲಿನಲ್ಲೂ ‘ಶಾಂತ’ ಎಂದು ನಕಲು ಮಾಡುವುದು ನಮ್ಮಲ್ಲಿ ರೂಢಿ. ಯಾರೂ ಕೇಳುವುದಿಲ್ಲ.

ಕೌದಿ ಹೊಲಿಯುವ ದುರುಗವ್ವ ಕುಷ್ಠದ ಔಷಧಿ ಮುಗಿಸಿ ಬಂದಾಗ ಅವಳ ಮಚ್ಚೆ ಮಾಸಿತ್ತು, ಅಲ್ಲಿನ ಜೀನ್‌ಗಳು ಸುಮ್ಮನಾಗಿದ್ದವು. ಆಕೆ ಕೈ ಚಾಚಿ, “ಮಚ್ಚಿ ಹೋತ್ರೀ ಅಕ್ಕಾರ, ಆದ್ರ ಕಿರುಬೆರಳಿಗೆ ಸೂಜಿ ಚುಚ್ಚಿದ್ರೂ ಗೊತ್ತಾಗವಲ್ದು” ಎಂದಳು. ಅಂದು ಹೊರಗೆ ಸಾಲುಗಟ್ಟಿ ಜನ ನಿಂತಿದ್ದರು. ನಾನು ತಲೆ ಎತ್ತದೆ ‘ಶಾಂತ’ ಎಂದು ನಕಲು ಮಾಡಿ ಕಳಿಸಿಬಿಟ್ಟೆ.

ಐದು ತಿಂಗಳಿಗೆ ಮರಳಿ ಬಂದಳು. ಎರಡು ಬೆರಳು ಒಳಕ್ಕೆ ಮಡಚಿಕೊಂಡಿದ್ದವು. ಆಗ ಎಳೆ ಇಳಿಸಿ ಓದಿದೆ. ರೋಗಾಣು ಸತ್ತಿತ್ತು, ಚರ್ಮ ತಣ್ಣಗಿತ್ತು. ನರದೊಳಗೆ ಮಾತ್ರ ಅದೇ ಜೀನ್‌ಗಳು ಗಂಟಲು ಹರಿಯುವಂತೆ ಕೂಗುತ್ತಲೇ ಇದ್ದವು. ಕಾಯಲು ಬಂದ ಕಣಗಳೇ ನರವನ್ನು ಹಾಳುಮಾಡಿದ್ದವು. ಮೊದಲೇ ಬಾವು ಇಳಿಸುವ ಮದ್ದು ಕೊಟ್ಟಿದ್ದರೆ ಬೆರಳು ಉಳಿಯಬಹುದಿತ್ತು. ಇನ್ನು ಅವಳು ಸೂಜಿ ಹಿಡಿಯಲಾರಳು.

“ನಾನ ತಡಾ ಮಾಡಿ ಬಂದ್ನೇನೋ ಅನಸ್ತೈತ್ರೀ” ಎಂದು ಆಕೆ ತನ್ನನ್ನೇ ಹಳಿದುಕೊಂಡಳು. ನಾನು ಹೂಂ ಎಂದೆ. ನಕಲು ಮಾಡಿದ್ದಕ್ಕಿಂತ ಹಾಗೆ ಹೂಂಗುಟ್ಟಿದ್ದಕ್ಕೆ ನನಗೆ ಹೆಚ್ಚು ನಾಚಿಕೆ.

ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ಯಾರಾದರೂ ಮುಟ್ಟಿದ್ದು ತಿಳಿಯುತ್ತಿಲ್ಲ ಎಂದರೆ ಚರ್ಮ ನೋಡಿ ಸಮಾಧಾನ ಹೇಳಿ ಕಳಿಸಬೇಡಿ. ನರವನ್ನು ಬೇರೆಯಾಗಿಯೇ ವಿಚಾರಿಸಿ. ಇದನ್ನು ಬರೆಯಲು ನನಗೆ ಧೈರ್ಯ ಬಂದದ್ದು, ನೀವು ಎದ್ದು ಬಂದು ನನ್ನ ಮುಖ ನೋಡಲಾರಿರಿ ಎಂಬ ಕಾರಣಕ್ಕೆ. ದುರುಗವ್ವನ ಮನೆ ನಮ್ಮ ಹಿಂದಿನ ಬೀದಿಯಲ್ಲೇ ಇದೆ. ತಪ್ಪು ತನ್ನದೇ ಎಂದು ಅವಳು ಇನ್ನೂ ನಂಬಿದ್ದಾಳೆ.

ನೀಲಗಂಗಾ