ಭುಜದ ಮೇಲಿನ ನಾಲ್ಕು ಬೆರಳು

ತಾ. ೩, ಸೋಮವಾರ, ಬೆಳಿಗ್ಗೆ

ಅಂಗಡಿಯ ಐದು ತೈಲವರ್ಣದ ಭಾವಚಿತ್ರಗಳ ಧೂಳು ಒರೆಸಿದ್ದಾಯಿತು. ವಸ್ತುಸಂಗ್ರಹಾಲಯದವರು ಪ್ರದರ್ಶನಕ್ಕೆ ಎರವಲು ಕೇಳಿದ್ದಾರೆ. ನಲವತ್ತು ವರ್ಷ ಚಿತ್ರ ಮಾರಿದವನಿಗೆ ಇದೇ ಮೊದಲ ಗೌರವ. ಫಾರಂ ಸ್ವಹಸ್ತದಿಂದ ತುಂಬಿದೆ, ಒಂದು ಚಿತ್ತಿಲ್ಲ. ಒಂಬತ್ತನೇ ಕಲಂ: ಚಿತ್ರದ ಯಾವುದೇ ಭಾಗವನ್ನು ಮಾರ್ಪಡಿಸಲಾಗಿದೆಯೆ? ಐದಕ್ಕೂ "ಇಲ್ಲ" ಎಂದು ನಿವೇದಿಸಿದೆ.

ಮನೆಯವಳು ಇಣುಕಿ, "ಒಂದು 'ಇಲ್ಲ' ಬರೆಯೋಕೆ ಅರ್ಧ ಗಂಟೆ ಬೇಕೇನ್ರೀ?" ಎಂದಳು. ಅಕ್ಷರದ ಮರ್ಯಾದೆ ಅವಳಿಗೇನು ಗೊತ್ತು.

ತಾ. ೬, ಮಧ್ಯಾಹ್ನ

ಸಂಗ್ರಹಾಲಯದಿಂದ ಚಿತ್ರಗಳ ತಪಾಸಣೆಗೆ ಒಬ್ಬ ಹೆಣ್ಣುಮಗಳು ಬಂದಿದ್ದಳು. ಟಾರ್ಚನ್ನು ಓರೆಯಾಗಿ ಹಿಡಿದು ಅಂಗುಲ ಅಂಗುಲ ನೋಡುವ ಕ್ರಮ... ಮೆಚ್ಚತಕ್ಕದ್ದು. ಮೂರನೆಯದರ ಮುಂದೆ ನಿಂತಳು — ಕುರ್ಚಿಯಲ್ಲಿ ಕುಳಿತ ಹೆಂಗಸು.

"ಸರ್, ಇವರ ಭುಜದ ಮೇಲೆ ಇದೇನು?"

"ಶಾಲಿನ ಮಡಿಕೆ." ಗಿರಾಕಿಗಳಿಗೆಲ್ಲ ಹೇಳುತ್ತ ಬಂದ ಉತ್ತರ.

"ಮಡಿಕೆಗೆ ಉಗುರು ಇರುತ್ತಾ ಸರ್?"

ಚೌಕಟ್ಟು ಬಿಚ್ಚಿಸಿದಳು. ಮೂರು ಅಂಚು ಸರಿ. ನಾಲ್ಕನೆಯದು ಚಾಕುವಿನಿಂದ ಕೊಯ್ದದ್ದು.

"ನಿಮ್ಮ ತಂದೆಯವರ ಕಾಲದಲ್ಲಿ ಆಗಿರಬಹುದಾ?"

"ಇರಬಹುದು," ಎಂದುಬಿಟ್ಟೆ.

ತಾ. ೭

ಕೊಯ್ದವನು ನಾನು. ಈ ದಿನಚರಿಯಲ್ಲಾದರೂ ಬರೆದಿಡತಕ್ಕದ್ದು. ದಂಪತಿಗಳ ಚಿತ್ರಕ್ಕೆ ಗಿರಾಕಿಯಿರಲಿಲ್ಲ. ಪರರ ಗಂಡನನ್ನು ತಮ್ಮ ಗೋಡೆಗೆ ಯಾರು ತೂಗುಹಾಕಿಕೊಳ್ಳುತ್ತಾರೆ? ಹೆಂಗಸನ್ನು ಉಳಿಸಿಕೊಂಡೆ. ಬೆರಳುಗಳ ದೆಸೆಯಿಂದ ಅದೂ ಮಾರಾಟವಾಗಲಿಲ್ಲ.

ಹಿಂದೆ ನಿಂತಿದ್ದವನ ಮುಖ ಹೇಗಿತ್ತು? ಮೀಸೆಯಿತ್ತೆ? ಕನ್ನಡಕ? ಕೈಯಾರೆ ಬೇರ್ಪಡಿಸಿದವನಿಗೇ ನೆನಪಿಲ್ಲ. ಸೋಜಿಗ. ದಿನವಿಡೀ ಅದೇ ಚಿಂತೆ.

ತಾ. ೧೧

ತಪಾಸಣೆಯವಳ ಫೋನು. "ಸರ್, ಪ್ರದರ್ಶನದ ಪೋಸ್ಟರ್‌ನಲ್ಲಿ ಆ ಮೂರನೇ ಚಿತ್ರ ನೋಡಿ ಒಬ್ಬರು ಬಂದಿದ್ರು. ಕೂತಿರೋದು ಅವರ ಅಜ್ಜಿಯಂತೆ. ತಾತಂದು ಒಂದು ಫೋಟೋನೂ ಇಲ್ವಂತೆ. ಆ ಕೈ ತಾತಂದೇನಾ ಅಂತ ಕೇಳ್ತಿದ್ದಾರೆ."

ಕ್ಯಾನ್ವಾಸು ಎಸೆಯುವ ಪೈಕಿಯವನಲ್ಲ ನಾನು. ಆಗ ಕೊಯ್ದ ತುಂಡುಗಳನ್ನೆಲ್ಲ ಕನ್ನಡಿಗಳ ಬೆನ್ನಿಗೆ ಬಡಿಯುತ್ತಿದ್ದೆ. ಮಾರದೆ ಉಳಿದದ್ದು ಊಟದ ಕೋಣೆಯ ಕನ್ನಡಿಯೊಂದೇ. ಇಳಿಸಿದೆವು. ಮನೆಯವಳೇ ಮೊಳೆ ಕಿತ್ತಳು. ಮಗುಚಿದೆವು.

ಅಗಲ ಕಿವಿ. ಮೀಸೆಯಿಲ್ಲ. ಒಂದು ಕಣ್ಣು ತುಸು ಕಿರಿದು, ನಗು ತಡೆದುಕೊಂಡಂತೆ. ಕೈ ಬೆರಳಿಲ್ಲದೆ ಮುಗಿಯುತ್ತದೆ.

"ಪಾಪ, ನಗ್ತಿದ್ದಾರೆ ಕಣ್ರೀ. ಇಷ್ಟು ವರ್ಷ ಕನ್ನಡಿ ಬೆನ್ನು ನೋಡ್ಕೊಂಡು." ಮನೆಯವಳು ಸೆರಗಿನಿಂದ ಆ ಮುಖದ ಧೂಳು ಒರೆಸಿ, "ಕೊಡ್ತೀರಿ ತಾನೆ?"

"ಕೊಟ್ರೆ, ಕೊಯ್ದೋರು ಯಾರು ಅಂತಾರೆ. ಸುಳ್ಳುಗಾರ ಅಂತ ಐದನ್ನೂ ವಾಪಸ್ ಕಳಿಸ್ತಾರೆ."

"ಕಳಿಸ್ಲಿ. ಮಾವನವರ ತಲೆಗೆ ಕಟ್ಟಿದ್ದು ಸಾಕು."

ಆ ದಿನದ "ಇರಬಹುದು" ಅವಳ ಕಿವಿಗೂ ಬಿದ್ದಿತ್ತು.

ತಾ. ೧೨, ಹನ್ನೊಂದು ಗಂಟೆ

ಸಂಗ್ರಹಾಲಯಕ್ಕೆ ಪತ್ರ. ಮೂರನೆಯ ಕರಡು. "ತಮ್ಮಲ್ಲಿ ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ" — ಅಲ್ಲಿಯವರೆಗೆ ಸುಸೂತ್ರ. ಮುಂದೆ ಲೇಖನಿ ಓಡದು.

ಕೆಳಗೆ ಮಾತು ಕೇಳಿಸಿತು. ತಪಾಸಣೆಯವಳ ದನಿ. ಕಿಟಕಿಯಿಂದ ನೋಡಿದೆ. ಜೊತೆಯಲ್ಲಿ ನೆರೆಗೂದಲ ಹೆಂಗಸು. ಅದೇ ಅಗಲ ಕಿವಿ.

ಪತ್ರ ಬೇಡ. ಬಾಯಲ್ಲೇ ಹೇಳತಕ್ಕದ್ದು. ಮೊದಲು ತಪ್ಪು ಒಪ್ಪುವುದೋ, ಮೊದಲು ಮುಖ ತೋರಿಸುವುದೋ? ಮುಖ ಕಂಡ ಮೇಲೆ ಆಕೆಗೆ ನನ್ನ ಮಾತು ಕೇಳಿಸದು. ಅದು ತಪ್ಪಿಸಿಕೊಳ್ಳುವ ಉಪಾಯ. ಮಾತೇ ಮೊದಲು. ಮೆಟ್ಟಿಲಲ್ಲಿ ಹೆಜ್ಜೆ. ಚಿತ್ರದ ತಾತನನ್ನು ಮೇಜಿನ ಮೇಲೆ ಬೋರಲು ಮಲಗಿಸಿ —