ತಪ್ಪು ಸಭೆಗೆ ಹೊಡೆದ ಗಂಟೆ

ಸಂತ ಬಾರ್ತೊಲೊಮೆಯ ಬೀದಿ, ಮಾಲ್ಟಾ
1966, ಏಪ್ರಿಲ್ 29

ಮುದ್ದಿನ ಮಗಳೇ ಜುಡಿತ್ತಾ,

ನೀನು, ಅಳಿಯ, ಮಕ್ಕಳು ಎಲ್ಲ ಚೆನ್ನಾಗಿದ್ದೀರಾ? ಮೆಲ್ಬರ್ನಿನ ಚಳಿಗೆ ನಿನ್ನ ಕೆಮ್ಮು ಮತ್ತೆ ಶುರುವಾಯಿತೇ? ನನ್ನ ಮೊಣಕಾಲು ಮೆಟ್ಟಿಲು ಹತ್ತುವಾಗ ಮೇರಿಯಮ್ಮನನ್ನು ಕರೆಯುತ್ತದೆ, ಇಳಿಯುವಾಗ ಕರೆಯಬಾರದವರನ್ನೆಲ್ಲ ಕರೆಯುತ್ತದೆ. ನಿನ್ನಮ್ಮ ಊಟ ಮಾಡುತ್ತಾಳೆ, ನಿದ್ದೆ ಮಾಡುವುದಿಲ್ಲ. ಯಾಕೆಂದು ಹೇಳುತ್ತೇನೆ. ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿ, ಕೂತು ಓದು.

ನಮ್ಮ ಪುಟ್ಟ ಪಕ್ಷ ಸತ್ತುಹೋಯಿತು. ಈ ಸಲ ಒಂದು ಸೀಟೂ ಬರಲಿಲ್ಲ. ನೀನು ಹಡಗು ಹತ್ತಿದಾಗ ಅದು ಹಾಲುಗಲ್ಲದ ಕೂಸು, ನೆನಪಿದೆಯಲ್ಲ. ಬಿಷಪ್ಪರಿಗೂ ದೊಡ್ಡ ಕಾರ್ಮಿಕ ಪಕ್ಷಕ್ಕೂ ಜಗಳ ಹತ್ತಿ, ಆ ಪಕ್ಷಕ್ಕೆ ವೋಟು ಹಾಕುವುದೇ ಪಾಪ ಎಂದು ಇಗರ್ಜಿಯಲ್ಲಿ ಹೇಳಿದಾಗ, ಕೂಲಿಯನ್ನೂ ಬಿಡಲಾರದೆ ಪರಮಪ್ರಸಾದವನ್ನೂ ಬಿಡಲಾರದೆ ಹಡಗುಕಟ್ಟೆಯ ನಾವು ಕೆಲವರು ಸೇರಿಕೊಂಡ ಪಕ್ಷ ಅದು. ಬೆಳಿಗ್ಗೆ ಮೊಣಕಾಲೂರುವುದು, ಮಧ್ಯಾಹ್ನ ಮುಷ್ಕರ ಹೂಡುವುದು. ದೊಡ್ಡ ಪಕ್ಷದವರು ನಮ್ಮನ್ನು ಪಾದ್ರಿಗಳ ಬಾಲ ಅಂದರು. ಪಾದ್ರಿಗಳು ಮಾತ್ರ ಬಾಲ ತಮ್ಮದೆಂದು ಒಮ್ಮೆಯೂ ಒಪ್ಪಿಕೊಳ್ಳಲಿಲ್ಲ. ನಮ್ಮ ಹತ್ತಿರ ಮತ ಬೇಕಾದಷ್ಟಿತ್ತು ಮಗಳೇ, ಪೆಟ್ಟಿಗೆಯೊಳಗೆ ಬೀಳುವ ಮತವೇ ಇರಲಿಲ್ಲ.

ನಿನ್ನ ತಮ್ಮಂದಿರ ವಿಷಯಕ್ಕೆ ಬರುತ್ತೇನೆ. ಒಂದೇ ಬಾಯ್ಲರ್ ಶೆಡ್ಡಿನಲ್ಲಿ ಕೆಲಸ, ಒಂದೇ ಪಾತ್ರೆಯ ಮೀನಿನ ಸಾರು. ಆದರೆ ವಿಸ್ತಿನ್ ದೊಡ್ಡ ಪಕ್ಷದಲ್ಲೇ ಉಳಿದ, ಇಂದ್ರಿ ನಮ್ಮ ಪಕ್ಷದ ಮೈಕು ಹಿಡಿದ. ಊಟಕ್ಕೆ ಕೂತರೆ ಇಂದ್ರಿ, "ಲೋ ವಿಸ್ತಿನ್, ನೀನು ಸತ್ರೆ ಸ್ಮಶಾನದ ಒಳಗೆ ಜಾಗ ಕೊಡಲ್ಲ ಕಣೋ, ಗೋಡೆ ಆಚೆ ತಿಪ್ಪೇಲಿ ಹೂಳ್ತಾರೆ" ಅನ್ನುತ್ತಿದ್ದ. ಅವನು, "ತಿಪ್ಪೆ ಆದ್ರೂ ಸರಿ, ನಿನ್ನ ಪಕ್ಕ ಮಲಗೋ ಶಿಕ್ಷೆ ತಪ್ತಲ್ಲ" ಅನ್ನುತ್ತಿದ್ದ. ನಾನು ನಗುತ್ತಿದ್ದೆ. ನಿನ್ನಮ್ಮ ನಗುತ್ತಿರಲಿಲ್ಲ.

ನಮ್ಮೂರಿನ ರೂಢಿ ನಿನಗೆ ಗೊತ್ತಲ್ಲ, ದೊಡ್ಡ ಪಕ್ಷದವರು ಚೌಕದಲ್ಲಿ ಬಾಯಿ ತೆರೆದರೆ ಭಾಷಣ ಕೇಳಿಸದ ಹಾಗೆ ಇಗರ್ಜಿಯ ಗಂಟೆ ಬಾರಿಸಬೇಕು. ಬಾರಿಸುವವನು ಅದೇ ನಾರ್ದು, ಈಗ ಕಿವಿ ಪೂರ್ತಿ ಹೋಗಿದೆ. ಚುನಾವಣೆಗೆ ಮುಂಚಿನ ಭಾನುವಾರ ಚೌಕದಲ್ಲಿ ಸಭೆ ನಮ್ಮದಾಗಿತ್ತು. ಗೋಪುರದಿಂದ ನಾರ್ದುವಿಗೆ ಕಂಡದ್ದು ಒಂದು ಲಾರಿ, ಒಂದು ಮೈಕು, ಕೆಳಗೆ ಜನ. ಕೈ ತಾನಾಗಿ ಹಗ್ಗಕ್ಕೆ ಹೋಯಿತು. ನಮ್ಮ ನಾಯಕರು "ಪ್ರಿಯ ಕ್ರೈಸ್ತ ಬಂಧುಗಳೇ" ಎಂದು ಬಾಯಿ ತೆರೆದರು, ಢಣ್ ಎಂದಿತು. ಮತ್ತೆ ತೆರೆದರು, ಮತ್ತೆ ಢಣ್. ದೇವರ ಪಕ್ಷದ ಬಾಯನ್ನು ದೇವರ ಮನೆಯವರೇ ಮುಚ್ಚಿಸಿದರಲ್ಲ ಎಂದು ನಾನು ನಕ್ಕ ನಗುವಿಗೆ ಟೋಪಿ ಕೆಳಗೆ ಬಿತ್ತು.

ಟೋಪಿ ಎತ್ತಿಕೊಳ್ಳುವಷ್ಟರಲ್ಲಿ ನಗು ಮುಗಿದಿತ್ತು. ಅದೇ ಹೊತ್ತಿಗೆ ಹಿಂದಿನ ಬೀದಿಯಲ್ಲಿ ದೊಡ್ಡ ಪಕ್ಷದ ಹೆಂಗಸರ ಸಭೆ ಇತ್ತು. ಕ್ಲಬ್ಬಿನಲ್ಲಿ ಇಸ್ಪೀಟು ಆಡುತ್ತಿದ್ದ ಅವರ ಗಂಡಸರು, ಗಂಟೆ ಹೊಡೆಯುತ್ತಿರುವುದು ತಮ್ಮ ಹೆಂಗಸರ ಬಾಯಿ ಮುಚ್ಚಿಸಲಿಕ್ಕೆ ಎಂದುಕೊಂಡರು. "ಬನ್ರೋ, ಇವತ್ತು ಬಿಡಬಾರ್ದು" ಎಂದು ಬಾಟಲಿ, ಸ್ಟೂಲು ಹಿಡಿದು ಬಂದು ಬಿದ್ದರು. "ಇದು ನಮ್ಮದೇ ಗಂಟೆ ಕಣ್ರಪ್ಪಾ, ನಮ್ಮ ಮೇಲೇ ಹೊಡೀತಿರೋದು" ಎಂದು ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ಬಡಗಿ ಜಾನ್ಮರಿಯ ತಲೆಯ ಮೇಲೆ ಬಾಟಲಿ ಒಡೆಯಿತು. ಕಲ್ಲುಹಾಸಿನ ಮೇಲೆ ಯಾರದೋ ಹಲ್ಲುಗಳು ಬಿದ್ದಿದ್ದವು. ಸ್ಟೂಲು ತಗುಲಿ ಬಿದ್ದವನೊಬ್ಬನನ್ನು ಬೂಟುಕಾಲುಗಳು ತುಳಿದುಕೊಂಡು ಹೋದವು.

ಮೈಕಿನ ತಂತಿ ಕೀಳಲು ವಿಸ್ತಿನ್ ಲಾರಿ ಹತ್ತಿದ. ಮೈಕು ಹಿಡಿದು ನಿಂತಿದ್ದವನು ಇಂದ್ರಿ. ಅಣ್ಣ ಎಂದು ನೋಡಿಯೇ ಇಂದ್ರಿ ಕಬ್ಬಿಣದ ಸ್ಟ್ಯಾಂಡು ಬೀಸಿದ. ದವಡೆ ಮುರಿದ ಸದ್ದು ಮೈಕಿನಲ್ಲಿ ಗಂಟೆಗಿಂತ ಜೋರಾಗಿ ಇಡೀ ಚೌಕಕ್ಕೆ ಕೇಳಿಸಿತು. ವಿಸ್ತಿನ್ ಮಂಡಿಯ ಮೇಲೆ ಕುಸಿದ, ಕೈಗೆ ಸಿಕ್ಕಿದ ಒಡೆದ ಬಾಟಲಿಯ ಕತ್ತು ಹಿಡಿದು ಮೇಲಕ್ಕೆ ತಿವಿದ. ತಮ್ಮ ಎಂದು ಅವನಿಗೂ ಗೊತ್ತಿತ್ತು. ಇಂದ್ರಿಯ ಎಡಗಣ್ಣು ಕೆನ್ನೆಯ ಮೇಲೆ ಹರಿಯಿತು. ನಾರ್ದು ಇನ್ನೂ ಹಗ್ಗ ಎಳೆಯುತ್ತಲೇ ಇದ್ದ.

ಪೊಲೀಸರು ಕೇಳಿದಾಗ ಒಬ್ಬ "ಬಿದ್ದೆ" ಎಂದ. ಇನ್ನೊಬ್ಬ ದವಡೆಗೆ ತಂತಿ ಬಿಗಿಸಿಕೊಂಡು ಮಾತಾಡಲಾರದೆ, ಬಿದ್ದೆನೆಂದು ಕೈಯಲ್ಲೇ ತೋರಿಸಿದ. ಕರುಳ ಮಮತೆ ಎಂದು ಕಣ್ಣೊರೆಸಿಕೊಳ್ಳಬೇಡ. ಎದುರಾಳಿ ಜೈಲಿಗೆ ಹೋಗದೆ ತನ್ನ ಕೈಗೇ ಸಿಗಲಿ ಎಂದು ಇಬ್ಬರೂ ಉಳಿಸಿಕೊಂಡದ್ದು. ಇಂದ್ರಿ ತಾರಸಿಯ ಮೇಲೆ ಕೂತು ಆಕ್ಟೋಪಸ್ ಹಿಡಿಯುವ ಈಟಿ ಮಸೆಯತೊಡಗಿದ. ವಿಸ್ತಿನ್‌ನ ದಿಂಬಿನ ಕೆಳಗೆ ಹಡಗುಕಟ್ಟೆಯ ಸರಪಳಿ ಸಿಕ್ಕಿತು. ನಿನ್ನಮ್ಮ ಅವರಿಬ್ಬರ ಬಾಗಿಲ ನಡುವೆ ಚಾಪೆ ಹಾಸಿ, "ಹೋಗೋರು ನನ್ನ ತುಳ್ಕೊಂಡು ಹೋಗ್ರಿ" ಎಂದು ಮಲಗಿದಳು. ಅಂದಿನಿಂದ ಅವಳಿಗೆ ಹಾಸಿಗೆ ಅದೇ.

ಅದಕ್ಕೇ ಇಂದ್ರಿಯನ್ನು ನಿನ್ನ ಬಳಿಗೆ ಕಳಿಸಿದ್ದೇನೆ. "ಅವನ ಮುಖ ಕಾಣದ ದೇಶ ಯಾವ್ದಾದ್ರೂ ಆಗ್ಲಿ, ಪಾ" ಎಂದು ಒಂದೇ ಮಾತಿಗೆ ಒಪ್ಪಿದ. ಹಡಗು ನಿನ್ನೆ ಹೊರಟಿತು, ಅದು ಅಲ್ಲಿ ಮುಟ್ಟುವ ಮೊದಲೇ ಈ ವಿಮಾನದ ಪತ್ರ ನಿನಗೆ ಸಿಗುತ್ತದೆ. ಅವನ ಎಡಗಡೆಯಿಂದ ಯಾರೂ ಸದ್ದಿಲ್ಲದೆ ಬರದ ಹಾಗೆ ಮಕ್ಕಳಿಗೆ ಹೇಳಿಡು, ಬೆಚ್ಚಿ ಕೈ ಎತ್ತುತ್ತಾನೆ. ಪಕ್ಷದ ವಿಷಯ ಎತ್ತಬೇಡ. ಭಾನುವಾರ ಪೂಜೆಗೆ ಕರೆದೊಯ್ಯುವುದಾದರೆ ಗಂಟೆ ಇಲ್ಲದ ಇಗರ್ಜಿ ಹುಡುಕು.

ಅಳಿಯನಿಗೆ ನನ್ನ ನಮಸ್ಕಾರ, ಮೊಮ್ಮಕ್ಕಳ ಎರಡೂ ಕೆನ್ನೆಗೆ ಮುತ್ತು. ಕಿವುಡರಲ್ಲದ ಸಂತರೆಲ್ಲ ನಿಮ್ಮನ್ನು ಕಾಯಲಿ.

ನಿನ್ನ ಪಾ,
ಚೆನ್ಸು

ಮರೆತ ಮಾತು: ವಿಸ್ತಿನ್ ಕೂಡ ಅದೇ ಹಡಗಿನಲ್ಲಿದ್ದಾನೆ, ಅದೇ ಕ್ಯಾಬಿನ್ನಿನಲ್ಲಿ. "ಇಂದ್ರಿ ಇಲ್ಲದ ಊರು" ಎಂದು ಅವನೂ ಚೀಟಿಯಲ್ಲಿ ಬರೆದು ತೋರಿಸಿದ್ದ. ಒಬ್ಬನನ್ನು ಬೆಳಿಗ್ಗೆಯೇ ಹತ್ತಿಸಿದೆ, ಇನ್ನೊಬ್ಬನನ್ನು ಕೊನೆಯ ದೋಣಿಯಲ್ಲಿ. ಈಟಿ, ಸರಪಳಿ, ಕ್ಷೌರದ ಕತ್ತಿ ಎಲ್ಲ ತೆಗೆದು ಇಲ್ಲೇ ಇಟ್ಟುಕೊಂಡಿದ್ದೇನೆ. ನನ್ನ ಕುಚೇಷ್ಟೆ ಎಂದುಕೊಳ್ಳಬೇಡ, ಇದು ನಿನ್ನಮ್ಮನ ತಲೆ. "ಮನೇಲಿದ್ರೆ ಒಬ್ಬ ಸಾಯೋದು ಖಂಡಿತ, ಸಮುದ್ರದಲ್ಲಿ ಅನುಮಾನ" ಎಂದಳು. ವಿಸ್ತಿನ್ ಕುಡಿಯುವ ರವೆಗಂಜಿಯ ಡಬ್ಬಿಯನ್ನು ಇಂದ್ರಿಯ ಪೆಟ್ಟಿಗೆಯಲ್ಲಿಟ್ಟಿದ್ದಾಳೆ, ಇಂದ್ರಿಯ ಕಣ್ಣಿನ ಮುಲಾಮನ್ನು ವಿಸ್ತಿನ್‌ನ ಪೆಟ್ಟಿಗೆಯಲ್ಲಿ. ಬೈದುಕೊಂಡಾದರೂ ಒಬ್ಬರನ್ನೊಬ್ಬರು ಕೇಳಲೇಬೇಕು. ನೀನು ಬಂದರಿನಲ್ಲಿ ಏಣಿಯ ಬುಡದಲ್ಲೇ ನಿಂತಿರು. ಇಬ್ಬರೂ ಇಳಿದರೆ "ಬೈದಾಡ್ತಿದ್ದಾರೆ" ಎಂದು ತಂತಿ ಕೊಡು, ನಿನ್ನಮ್ಮ ಚಾಪೆ ಸುತ್ತಿಡುತ್ತಾಳೆ. ಒಬ್ಬನೇ ಇಳಿದರೆ ಏನೂ ಕಳಿಸಬೇಡ.