ಕರಾರಿಲ್ಲದ ಫೋನು, ಸತ್ತರೂ ಬಿಡದ ಕಂತು

ದೂರಸಂಪರ್ಕ ಗ್ರಾಹಕ ದೂರು ವಿಭಾಗದ ನಿರ್ದೇಶಕರಿಗೆ,

ಮಾನ್ಯರೇ,

ನನ್ನ ತಮ್ಮ ಜಿಗ್ಮಂಟ್ ವೊಯ್ಚಿಕ್ ತೀರಿಕೊಂಡು ಎರಡು ತಿಂಗಳಾಯಿತು. ಅವನ ಫೋನಿನ ಕಂತನ್ನು ನಾನು ಕಟ್ಟುತ್ತಿದ್ದೇನೆ. ಅವನನ್ನು ಮಣ್ಣು ಮಾಡಿದವರು ಒಂದೇ ಸಲ ದುಡ್ಡು ತೆಗೆದುಕೊಂಡು ಕೈಕುಲುಕಿ ಹೋದರು. ಫೋನ್ ಕಂಪನಿಯವರು ಮಾತ್ರ ಪ್ರತಿ ತಿಂಗಳೂ ತಪ್ಪದೆ ಅವನನ್ನು ನೆನೆಯುತ್ತಾರೆ. ಈ ವಿಚಾರವಾಗಿ ನಾವು ಕೊಟ್ಟ ದೂರನ್ನು ತಮ್ಮ ಕಚೇರಿ 'ತೃಪ್ತಿಕರವಾಗಿ ಇತ್ಯರ್ಥ' ಎಂದು ಮುಚ್ಚಿದೆ. ಆ ತೃಪ್ತಿ ಯಾರದು? ಇದನ್ನು ಕೇಳಿ ಖಾಸಗಿಯಾಗಿ ಬರೆದ ಎರಡು ಪತ್ರಗಳಿಗೆ ತಮ್ಮ ಯಂತ್ರ ಬಹಳ ವಿನಯದಿಂದ ಉತ್ತರ ಕೊಟ್ಟಿತು. ಆದ್ದರಿಂದ ಮೂರನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ತಾವು ಓದದಿದ್ದರೂ ತಮ್ಮ ಪಕ್ಕದ ಮನೆಯವರು ಓದಿಯಾರು.

ಮೊದಲು ಪರಿಚಯ. ಈರಿ ಸರೋವರದ ದಂಡೆಯ ನಮ್ಮ ಊರಿನಲ್ಲಿ ನಾನು ಎರಡು ಕುರ್ಚಿಯ ಒಂದು ಬ್ಯೂಟಿ ಪಾರ್ಲರ್ ನಡೆಸುತ್ತೇನೆ. ಮಹಡಿಯ ಮೇಲೆ ಮನೆ. ಹಿಂದಿನ ಕೋಣೆಯಲ್ಲಿ ಜಿಗ್ಮಂಟ್, ನಮ್ಮೆಲ್ಲರ ಜಿಗ್ಗಿ. ಅವನು ನಗರಪಾಲಿಕೆಯ ಹಿಮ ತೆಗೆಯುವ ಲಾರಿ ಓಡಿಸುತ್ತಿದ್ದ. ಊರಿಗೆ ಊರೇ ಹಿಮದಡಿ ಹೂತುಹೋದ ಚಳಿಗಾಲಗಳಲ್ಲಿ ತಮ್ಮಂಥವರ ಕಾರು ಕಚೇರಿ ಮುಟ್ಟಲೆಂದು ರಸ್ತೆ ಬಿಡಿಸಿಕೊಟ್ಟವನು. ಐವತ್ತಕ್ಕೆ ಅವನ ಎರಡೂ ಮೂತ್ರಪಿಂಡ ಕೈಕೊಟ್ಟವು. ವಾರಕ್ಕೆ ಮೂರು ದಿನ ಡಯಾಲಿಸಿಸ್. ದಕ್ಷಿಣಕ್ಕೆ ಎರಡು ಗಂಟೆ ದಾರಿಯ ದೊಡ್ಡ ಆಸ್ಪತ್ರೆಯಲ್ಲಿ ಕಸಿಗಾಗಿ ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿದ್ದೆವು. ಅಲ್ಲಿಯವರು ಹೇಳಿದ್ದು ಇಷ್ಟೇ: "ಫೋನ್ ಸದಾ ಹತ್ತಿರ ಇಟ್ಕೊಳ್ಳಿ. ಮೂತ್ರಪಿಂಡ ಸಿಕ್ಕಿದ ತಕ್ಷಣ ಕರೀತೀವಿ. ನೀವು ಒಂದು ಗಂಟೆ ಒಳಗೆ ಸಿಗಲಿಲ್ಲ ಅಂದ್ರೆ ಮುಂದಿನವರನ್ನ ಕರೀಲೇಬೇಕಾಗತ್ತೆ."

ಕಳೆದ ಬೇಸಿಗೆಯಲ್ಲಿ ಜಿಗ್ಗಿಯ ಫೋನಿನ ಬ್ಯಾಟರಿ ಸಾಯತೊಡಗಿತು. ಬೆಳಿಗ್ಗೆ ಚಾರ್ಜ್ ಮಾಡಿದರೆ ಊಟದ ಹೊತ್ತಿಗೆ ಕಪ್ಪು. ಪಟ್ಟಿಯಲ್ಲಿ ಮೇಲೆ ಬಂದಿದ್ದವನು ಹೆದರಿ ಅಂಗಡಿಗೆ ಹೋದ. ನಾನೂ ಜೊತೆಗಿದ್ದೆ. ಇಡೀ ಕಿಟಕಿಗೆ ಅಡ್ಡಲಾಗಿ 'ಕರಾರಿಲ್ಲ! ಬಂಧನವಿಲ್ಲ!' ಎಂದು ದಪ್ಪ ಅಕ್ಷರ. ಬ್ರೇಡನ್ ಎಂಬ ಮಾರಾಟಗಾರ ನಮ್ಮನ್ನು ವರ್ಷಗಳ ನಂತರ ಸಿಕ್ಕ ನೆಂಟರಂತೆ ಬರಮಾಡಿಕೊಂಡ.

"ನನ್ನ ಹಳೇ ಎರಡು ವರ್ಷದ ಕಾಂಟ್ರಾಕ್ಟ್ ಇನ್ನೂ ಮುಗಿದಿಲ್ಲ ಕಣಪ್ಪ," ಅಂದ ಜಿಗ್ಗಿ.

"ಸರ್, ಕಾಂಟ್ರಾಕ್ಟೆಲ್ಲ ಈಗ ಯಾರು ಕೇಳ್ತಾರೆ? ಈಗೆಲ್ಲ ಕಂತು. ಕೈಯಿಂದ ಒಂದು ಡಾಲರ್ ಕೊಡೋದು ಬೇಡ."

"ಹಳೇದು?"

"ಅದು ಇದರೊಳಗೇ ಹೋಗತ್ತೆ ಸರ್."

ಎಂಥ ಮಾತು! 'ಇದರೊಳಗೇ ಹೋಗತ್ತೆ.' ಹಾವು ಇಲಿಯನ್ನು ನುಂಗಿದಾಗಲೂ ಇಲಿ ಅದರೊಳಗೇ ಹೋಗುತ್ತದೆ, ಮಾನ್ಯರೇ.

ತಮಗೆ ಈ ಎರಡು ಬಗೆಯ ವ್ಯಾಪಾರದ ವ್ಯತ್ಯಾಸ ಗೊತ್ತಿರಬೇಕು. ಅದಕ್ಕೇ ತಮಗೆ ಸಂಬಳ. ಆದರೂ ತಮ್ಮ ಕಚೇರಿಯ ಉತ್ತರ ನೋಡಿದರೆ ಅನುಮಾನ ಬರುವುದರಿಂದ, ತಲೆಗೂದಲಿಗೆ ಬಣ್ಣ ಹಾಕುವವಳಾದ ನಾನೇ ಹೇಳಿಬಿಡುತ್ತೇನೆ. ಹಳೆಯ ಪದ್ಧತಿಯಲ್ಲಿ ಆರುನೂರೈವತ್ತು ಡಾಲರಿನ ಫೋನನ್ನು ಇನ್ನೂರಕ್ಕೆ ಕೊಟ್ಟು ಸಬ್ಸಿಡಿ ಎನ್ನುತ್ತಿದ್ದರು. ಮಿಕ್ಕದ್ದನ್ನು ತಿಂಗಳ ಬಾಡಿಗೆಯಲ್ಲಿ ಸದ್ದಿಲ್ಲದೆ ಸೇರಿಸುತ್ತಿದ್ದರು. ಎರಡು ವರ್ಷ ಮುಗಿದು ಫೋನಿನ ಬೆಲೆ ಪೂರ್ತಿ ಸಂದ ಮೇಲಾದರೂ ಬಾಡಿಗೆ ಇಳಿಸುತ್ತಿದ್ದರೇ? ಇಲ್ಲ. ಸುಮ್ಮನಿದ್ದವನು ಸುಮ್ಮನೆ ಕಟ್ಟುತ್ತಲೇ ಇರಬೇಕು. ನಡುವೆ ಬಿಟ್ಟು ಹೋದರೆ ದಂಡ. ಹೊಸ ಪದ್ಧತಿಯಲ್ಲಿ ಬಾಡಿಗೆ ಬೇರೆ, ಫೋನಿನ ಕಂತು ಬೇರೆ. ಬಾಡಿಗೆ ಕಡಿಮೆ, ಕಂತಿಗೆ ಬಡ್ಡಿಯೂ ಇಲ್ಲ. ಕೇಳಲು ಎಷ್ಟು ಪ್ರಾಮಾಣಿಕ! ಯಾವಾಗ ಬೇಕಾದರೂ ಬಿಡಬಹುದು. ಬಿಡುವ ದಿನ ಉಳಿದ ಅಷ್ಟೂ ಕಂತನ್ನು ಒಂದೇ ಏಟಿಗೆ ಕಟ್ಟಬೇಕು, ಅಷ್ಟೆ. ಕಟ್ಟಿ ತೀರುವ ತನಕ ಆ ಫೋನು ಬೇರೆ ಕಂಪನಿಯ ಸಿಮ್ಮಿಗೆ ಬಾಯಿ ಬಿಡುವುದಿಲ್ಲ. ಬೀಗ ಹಾಕಿ ಬಾಗಿಲ ಮೇಲೆ 'ಬಂಧನವಿಲ್ಲ' ಎಂದು ಬರೆಯುವುದಕ್ಕೆ ತಮ್ಮ ಇಲಾಖೆಯ ಪರವಾನಗಿ ಬೇಕೋ, ಬರೀ ಧೈರ್ಯ ಸಾಕೋ?

ಮನೆಗೆ ಬರುವಾಗ ಜಿಗ್ಗಿಯೇ ಹೇಳಿದ. "ಹಳೇದು ಮದುವೆ ಥರ ಕಣೇ ರೆನಿ. ಹೊಸದ್ರಲ್ಲಿ ಮದುವೆ ಇಲ್ಲ, ಡೈವೋರ್ಸ್ ಮಾತ್ರ ಇದೆ."

ನಕ್ಕೆವು. ಮೊದಲ ಬಿಲ್ಲು ಬರುವ ತನಕ.

ಹಳೆಯ ಕರಾರು ಯಾವುದರೊಳಗೂ ಹೋಗಿರಲಿಲ್ಲ. ಹಾಗಾಗಿ ಹಳೆಯ ಫೋನಿನ ಬೆಲೆ ಸೇರಿದ್ದ ದುಬಾರಿ ಬಾಡಿಗೆ ಹಾಗೇ ಇತ್ತು. ಅದರ ಮೇಲೆ ಹೊಸ ಫೋನಿನ ಕಂತು. ಒಬ್ಬ ರೋಗಿ, ಒಂದು ಕಿವಿ, ಎರಡು ಫೋನಿನ ದುಡ್ಡು. ಜಿಗ್ಗಿ ಅಂಗಡಿಗೆ ಹೋದ. ಬ್ರೇಡನ್ ಬೇರೆ ಊರಿಗೆ ಬಡ್ತಿ ಪಡೆದು ಹೋಗಿದ್ದ. ಕಂಪನಿಗೆ ಕರೆ ಮಾಡಿದ, ಅವರು ಸಂಗೀತ ಕೇಳಿಸಿದರು. ಕೊನೆಗೆ ಅವನು ತಮಗೆ ದೂರು ಕೊಟ್ಟ. ಇಲ್ಲಿಂದ ಮುಂದೆ ಈ ಕಥೆಯಲ್ಲಿ ತಾವೂ ಒಂದು ಪಾತ್ರ, ಆದ್ದರಿಂದ ದಯವಿಟ್ಟು ಗಮನ ಕೊಡಿ.

ತಮ್ಮ ಸಹಾಯವಾಣಿಯ ಹೆಂಗಸಿನ ದನಿ ಬಹಳ ಒಳ್ಳೆಯದು. ಪಾರ್ಲರಿನ ಫೋನಿನ ಸ್ಪೀಕರಿನಲ್ಲಿ ನಾನೂ ಕೇಳಿಸಿಕೊಂಡೆ.

"ಸರ್, ತಕರಾರು ಇರೋ ಭಾಗ ಬಿಟ್ಟು ಮಿಕ್ಕಿದ್ದನ್ನ ಕಟ್ತಾ ಇರಿ."

"ಲೈನ್ ಕಟ್ ಮಾಡಿಬಿಟ್ರೆ? ನಾನು ಕಿಡ್ನಿ ಕರೆಗೆ ಕಾಯ್ತಾ ಇರೋನಮ್ಮ."

"ದೂರು ನಮ್ಮ ಹತ್ರ ಇರೋವಾಗ ಯಾಕೆ ಸರ್ ಕಟ್ ಮಾಡ್ತಾರೆ?"

ಅವನು ನಂಬಿದ. ಸರ್ಕಾರದ ದನಿಯನ್ನು ನಂಬುವ ಕೊನೆಯ ತಲೆಮಾರಿನವನು. ತಕರಾರಿನ ಭಾಗ ಬಿಟ್ಟು ಮಿಕ್ಕದ್ದನ್ನು ತಿಂಗಳು ತಿಂಗಳು ಕಟ್ಟಿದ. ತಮ್ಮ ಕಚೇರಿಯಲ್ಲಿ ದೂರು ನಿದ್ದೆ ಮಾಡಿತು, ಕಂಪನಿಯ ಕಡೆ ಬಾಕಿ ಎಚ್ಚರವಾಗಿತ್ತು. ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಇಬ್ಬರ ಫೋನೂ ಸತ್ತಿದ್ದವು. ಇಬ್ಬರದೂ ಯಾಕೆಂದರೆ ನಾವು ಫ್ಯಾಮಿಲಿ ಪ್ಲಾನಿನವರು. ಖಾತೆ ಜಿಗ್ಗಿಯದು, ನನ್ನ ನಂಬರು ಅದರಡಿಯಲ್ಲಿ. ಬಿಲ್ಲು ಒಟ್ಟಿಗೆ, ಉಳಿತಾಯ ಒಟ್ಟಿಗೆ, ಕತ್ತು ಕೊಯ್ಯುವುದೂ ಒಟ್ಟಿಗೆ.

ಗಾಬರಿಯಲ್ಲಿ ಕೆಳಗಿನ ಪಾರ್ಲರಿನ ಫೋನು ಇಬ್ಬರಿಗೂ ನೆನಪಾಗಲಿಲ್ಲ. ಫೋನ್ ಅಂಗಡಿ ತೆರೆಯುವ ಮುಂಚೆಯೇ ಹೋಗಿ ಬಾಗಿಲಲ್ಲಿ ನಿಂತೆವು. ಸರೋವರದ ಗಾಳಿ ಕಿವಿ ಕತ್ತರಿಸುವಂತಿತ್ತು. ಒಳಗೆ ಹೊಸ ಮ್ಯಾನೇಜರ್ ಕಂಪ್ಯೂಟರಿನ ಮೇಲಿಂದ ಕಣ್ಣೆತ್ತದೆ ಹೇಳಿದ, "ಪೂರ್ತಿ ಬಾಕಿ ಕಟ್ಟಿದ್ರೆ ಲೈನ್ ಬರತ್ತೆ."

"ದೂರು ಕೊಟ್ಟಿದೀವಪ್ಪ. ಸರ್ಕಾರದೋರು ಹೇಳಿದಾರೆ," ಅಂದೆ ನಾನು.

"ಸರ್ಕಾರದೋರು ನಮಗೇನೂ ಹೇಳಿಲ್ಲ ಮೇಡಂ."

ಜಿಗ್ಗಿ ಸುತ್ತಲೂ ನೋಡಿದ. ಗೋಡೆ ತುಂಬ ಹೊಳೆಯುವ ಫೋನುಗಳು. "ಇದ್ರಲ್ಲಿ ಒಂದ್ರಿಂದ ಆಸ್ಪತ್ರೆಗೆ ಹೇಳಿಬಿಡ್ಲಾ? ನಂಬರು ಬಂದ್ ಆಗಿದೆ ಅಂತ?"

"ಅದೆಲ್ಲ ಬರೀ ಪ್ರದರ್ಶನಕ್ಕೆ ಸರ್. ಕರೆ ಹೋಗಲ್ಲ."

ನಾನು ನನ್ನ ಕಾರ್ಡು ಕೊಟ್ಟು ಪೂರ್ತಿ ಕಟ್ಟಿದೆ. ಮಧ್ಯಾಹ್ನದ ಹೊತ್ತಿಗೆ ಲೈನು ಬಂತು. ಜಿಗ್ಗಿ ತಕ್ಷಣ ಆಸ್ಪತ್ರೆಗೆ ಕರೆ ಮಾಡಿ, ಬಂದ್ ಆಗಿದ್ದ ನಂಬರು ಮತ್ತೆ ಬಂದಿದೆ ಎಂದ. ಭಾನುವಾರ ಫೋನು ಎತ್ತಿದ ಯಾರೋ "ಇವತ್ತು ಡ್ಯೂಟಿಯಲ್ಲಿ ಇರೋರಿಗೆ ತಿಳಿಸ್ತೀನಿ" ಎಂದರಂತೆ. ಸಮಾಧಾನದಿಂದ ನಾವು ಪಿಯರೋಗಿ, ಅಂದರೆ ಆಲೂಗಡ್ಡೆ ತುಂಬಿದ ನಮ್ಮ ಪೋಲಿಷ್ ಕಡುಬು, ಬೇಯಿಸಿಕೊಂಡು ತಿಂದೆವು. ಅವನು ಉಪ್ಪಿಲ್ಲದೆ, ನಾನು ಉಪ್ಪು ಹಾಕಿಕೊಂಡು.

ಭಾನುವಾರ, ಸೋಮವಾರ ಪಾರ್ಲರಿಗೆ ರಜೆ. ಮಂಗಳವಾರ ಬೆಳಿಗ್ಗೆ ಕೆಳಗಿಳಿದು ಬಾಗಿಲು ತೆಗೆದರೆ ಸಂದೇಶ ಹಿಡಿದಿಡುವ ಯಂತ್ರದ ಕೆಂಪು ದೀಪ ಮಿನುಗುತ್ತಿತ್ತು. ಜಿಗ್ಗಿ ಆಸ್ಪತ್ರೆಗೆ ಮೂರನೇ ನಂಬರಾಗಿ ಪಾರ್ಲರಿನದನ್ನು ಕೊಟ್ಟಿದ್ದ. ಯಾರೋ ಹೇರ್‌ಕಟ್ಟಿಗೆ ಸಮಯ ಕೇಳಿರಬೇಕು ಎಂದುಕೊಂಡು ಏಪ್ರನ್ ಕಟ್ಟಿಕೊಳ್ಳುತ್ತಲೇ ಗುಂಡಿ ಒತ್ತಿದೆ. ಮೂರು ಸಂದೇಶ, ಮೂರೂ ನಾವು ಫೋನ್ ಅಂಗಡಿಯಲ್ಲಿ ನಿಂತಿದ್ದ ಭಾನುವಾರ ಬೆಳಗಿನವು.

"ಮಿಸ್ಟರ್ ವೊಯ್ಚಿಕ್, ಕಸಿ ವಿಭಾಗದಿಂದ ಮಾತಾಡ್ತಿರೋದು. ನಿಮಗೊಂದು ಮೂತ್ರಪಿಂಡ ಬಂದಿದೆ. ಒಳ್ಳೇ ಹೊಂದಾಣಿಕೆ. ಏನೂ ತಿನ್ನಬೇಡಿ, ತಕ್ಷಣ ಕರೆ ಮಾಡಿ." ಆಮೇಲೆ ಅದೇ ದನಿ, ಸ್ವಲ್ಪ ಅವಸರದಲ್ಲಿ: "ನಿಮ್ಮ ನಂಬರು, ಅಕ್ಕನ ನಂಬರು ಎರಡೂ ಸೇವೆಯಲ್ಲಿಲ್ಲ ಅಂತ ಬರ್ತಿದೆ. ದಯವಿಟ್ಟು ಕರೆ ಮಾಡಿ." ಮತ್ತೆ, ತೀರಾ ಮೆಲ್ಲಗೆ: "ನಾವು ಮುಂದಿನವರನ್ನ ಕರೀಬೇಕಾಯ್ತು. ನೀವು ಇನ್ನೂ ಪಟ್ಟಿಯಲ್ಲೇ ಇದೀರಿ. ಧೈರ್ಯವಾಗಿರಿ."

ಏಪ್ರನ್ನಿನಲ್ಲೇ ಡಯಾಲಿಸಿಸ್ ಕೇಂದ್ರಕ್ಕೆ ಕಾರು ಓಡಿಸಿದೆ. ಜಿಗ್ಗಿ ತನ್ನ ಕುರ್ಚಿಯಲ್ಲಿದ್ದ, ಕೈಗೆ ಕೊಳವೆ. ಪಕ್ಕದ ಕುರ್ಚಿಯಲ್ಲಿ ವರ್ನಾ ಟಾಲಿವರ್. ಶಾಲೆಯ ಬಸ್ ಓಡಿಸುತ್ತಿದ್ದ, ಇಡೀ ಕೇಂದ್ರವನ್ನೇ ನಗಿಸುವ ಹೆಂಗಸು. ಇಬ್ಬರೂ ಟಿವಿಯ ಅಡುಗೆ ಕಾರ್ಯಕ್ರಮ ನೋಡುತ್ತ ತಾವು ತಿನ್ನಬಾರದ್ದನ್ನೆಲ್ಲ ಬೈಯುತ್ತಿದ್ದರು. ನನ್ನ ಮುಖ ನೋಡಿ ಜಿಗ್ಗಿ ಟಿವಿಯ ದನಿ ತಗ್ಗಿಸಿದ. ಹೇಳಿದೆ. ಅವನು ಯಂತ್ರದೊಳಗೆ ತಿರುಗುತ್ತಿದ್ದ ತನ್ನ ರಕ್ತದ ಕಡೆ ನೋಡಿದ.

"ಯಾರಿಗೆ ಹೋಯ್ತಂತೆ?"

"ಅದನ್ನ ಹೇಳಲ್ಲ."

"ಒಳ್ಳೇವನಿಗೆ ಹೋಗಿರ್ಲಿ ಬಿಡು." ವರ್ನಾ ಕಡೆ ತಿರುಗಿದ. "ಅವನದು ಯಾವ ಪ್ಲಾನ್ ಅಂತ ಕೇಳ್ಬೇಕಿತ್ತು."

ವರ್ನಾ ನಗಲಿಲ್ಲ. ತನ್ನ ಬಿಡುವಿದ್ದ ಕೈ ಚಾಚಿ ಅವನ ಬೆರಳು ಹಿಡಿದುಕೊಂಡಳು. ಯಂತ್ರ ನಿಲ್ಲುವ ತನಕ ಬಿಡಲಿಲ್ಲ.

ಆ ವಾರವೇ ತಮ್ಮ ಪತ್ರ ಬಂತು. ದೂರುದಾರರ ಸೇವೆಯನ್ನು ಮರುಸ್ಥಾಪಿಸಲಾಗಿದೆಯೆಂದು ಕಂಪನಿ ತಿಳಿಸಿರುವುದರಿಂದ ಪ್ರಕರಣ ತೃಪ್ತಿಕರವಾಗಿ ಇತ್ಯರ್ಥಗೊಂಡಿದೆ ಎಂದು. ಸಹಾಯವಾಣಿಯ ಮಾತಿನ ಬಗ್ಗೆ ಬರೆದು ಕೇಳಿದ್ದಕ್ಕೆ, 'ದೂರವಾಣಿಯಲ್ಲಿ ನೀಡುವ ಸಲಹೆ ಭರವಸೆಯಲ್ಲ' ಎಂಬ ಉತ್ತರ. ಹೌದೇ? ಹಾಗಾದರೆ ಅದು ಏನು ಸ್ವಾಮಿ, ಹವಾಮಾನ ವರ್ತಮಾನವೇ? ಕಂಪನಿ ಮೋಸ ಮಾಡುತ್ತದೆಂದು ನಮಗೆ ಗೊತ್ತಿತ್ತು, ಅದಕ್ಕೇ ತಮ್ಮ ಬಳಿ ಬಂದೆವು. ಅವರು ಬರೀ ದುಡ್ಡು ಕಿತ್ತರು. ದುಡ್ಡು ಕಟ್ಟದಿರಲು ಹೇಳಿ ಅವನ ಕುತ್ತಿಗೆಯನ್ನು ಅವರ ಕೈಗೆ ಕೊಟ್ಟವರು ತಾವು.

ಇನ್ನೊಂದು ಮೂತ್ರಪಿಂಡ ಬರಲಿಲ್ಲ. ಚಳಿ ಮುಗಿಯುವ ಮುನ್ನ ಡಯಾಲಿಸಿಸ್ ಕೊಳವೆಯ ಜಾಗ ನಂಜಾಯಿತು. ನಂಜು ರಕ್ತಕ್ಕೇರಿತು. ಮಾರ್ಚಿನಲ್ಲಿ, ಚರ್ಚಿನ ನೆಲಮಾಳಿಗೆಯಲ್ಲಿ ಈಸ್ಟರಿನ ಮುಂಚಿನ ವ್ರತದ ಶುಕ್ರವಾರಕ್ಕೆ ಮೀನು ಕರಿಯುವ ವಾಸನೆ ಬೀದಿಗೆಲ್ಲ ಹಬ್ಬಿದ್ದ ಸಂಜೆ, ಜಿಗ್ಗಿ ಹೋದ. ಆಸ್ಪತ್ರೆಯಿಂದ ಹೊರಬಂದು ಆ ವಾಸನೆಗೆ ನನಗೆ ಹಸಿವಾಯಿತು. ಹಸಿದ ನನ್ನ ಮೇಲೇ ಅಸಹ್ಯಪಟ್ಟುಕೊಂಡು ಮನೆಗೆ ನಡೆದೆ.

ಮುಂದಿನ ವಾರ ಕಂಪನಿಯ ವಸೂಲಿ ವಿಭಾಗದ ಕರೆ.

"ಮಿಸ್ಟರ್ ಜಿಗ್ಮಂಟ್ ಜೊತೆ ಮಾತಾಡಬಹುದಾ?"

"ಅವನು ತೀರಿಕೊಂಡ."

"ಓ, ನಿಮ್ಮ ನಷ್ಟಕ್ಕೆ ವಿಷಾದ. ಅವರು ಯಾವ ಹೊತ್ತಿಗೆ ಸಿಗ್ತಾರೆ?"

"ಸ್ಮಶಾನದಲ್ಲಿ ಯಾವ ಹೊತ್ತಿಗೆ ಹೋದ್ರೂ ಸಿಗ್ತಾನೆ. ಹೋಗಿ ನೋಡ್ಕೊಂಡು ಬಾ."

ಹುಡುಗಿ ತಡವರಿಸಿ ಮೇಲಿನವನಿಗೆ ಕೊಟ್ಟಳು. ಅವನು ತಿಳಿಹೇಳಿದ್ದನ್ನು ಯಥಾವತ್ತಾಗಿ ಬರೆಯುತ್ತೇನೆ, ತಮ್ಮ ಜ್ಞಾನಕ್ಕೂ ಒದಗೀತು.

"ಮೇಡಂ, ಹಳೇ ಎರಡು ವರ್ಷದ ಕಾಂಟ್ರಾಕ್ಟ್ ಆಗಿದ್ರೆ, ಗ್ರಾಹಕರು ತೀರಿಕೊಂಡಾಗ ದಂಡ ಮನ್ನಾ ಮಾಡ್ತಿದ್ವಿ. ಆದ್ರೆ ಇದು ಕಾಂಟ್ರಾಕ್ಟ್ ಅಲ್ವಲ್ಲ, ಫೋನು ಕೊಂಡ ಸಾಲ. ಲೈನು ಮುಚ್ಚಿದ ದಿನವೇ ಪೂರ್ತಿ ಬಾಕಿ ಕೊಡಬೇಕು."

"ನಾನ್ಯಾಕೆ ಕೊಡ್ಲಿ? ಸಹಿ ಹಾಕ್ದೋನು ಅವನು."

"ಕೊಡಬೇಕಾಗಿಲ್ಲ ಮೇಡಂ. ಆದ್ರೆ ನಿಮ್ಮ ನಂಬರು ಅವರ ಖಾತೆಯಲ್ಲಿದೆ. ನಂಬರು ಉಳೀಬೇಕು ಅಂದ್ರೆ ಖಾತೆ ನಿಮ್ಮ ಹೆಸರಿಗೆ ಮಾಡ್ಕೊಬೇಕು. ಖಾತೆ ಜೊತೆ ಕಂತೂ ಬರತ್ತೆ."

ಇಪ್ಪತ್ತು ವರ್ಷದ ಗಿರಾಕಿಗಳೆಲ್ಲ ಕರೆಯುವುದು ಆ ನಂಬರಿಗೆ. ಅದು ಹೋದರೆ ಪಾರ್ಲರಿನ ಅರ್ಧ ಹೋಯಿತು. ತಮ್ಮನ ಸಾಲಕ್ಕೆ ಸಹಿ ಹಾಕಿದೆ. ಹಳೆಯ ಎರಡು ವರ್ಷದ ಸಂಕೋಲೆಯನ್ನು ನಾವೆಲ್ಲ ಎಷ್ಟು ಬೈದಿದ್ದೆವು! ಅದಕ್ಕೂ ಸತ್ತವನನ್ನು ಬಿಟ್ಟುಬಿಡುವಷ್ಟು ಮರ್ಯಾದೆ ಇತ್ತು. ಈ ಸ್ವಾತಂತ್ರ್ಯಕ್ಕೆ ಅದೂ ಇಲ್ಲ. ತಮ್ಮ ಇಲಾಖೆಯ ಕಣ್ಣಮುಂದೆಯೇ ಒಂದರ ಜಾಗಕ್ಕೆ ಇನ್ನೊಂದು ಬಂತು, ತಾವು ಅದನ್ನು ಗ್ರಾಹಕರ ಆಯ್ಕೆ ಎಂದು ಕೊಂಡಾಡಿದಿರಿ.

ನನ್ನ ಒತ್ತಾಯಗಳು ಹೆಚ್ಚಿಲ್ಲ. ದೂರು ತಮ್ಮ ಮೇಜಿನ ಮೇಲಿರುವಷ್ಟು ದಿನ ಯಾರ ಲೈನನ್ನೂ ಕತ್ತರಿಸಕೂಡದೆಂದು ಆದೇಶ ಹೊರಡಿಸಿ. ಸತ್ತವರ ಕಂತು ಸತ್ತವರೊಂದಿಗೆ ಮುಗಿಯಲಿ. ಇವೆಲ್ಲ ದೊಡ್ಡ ಕೆಲಸ, ಸಮಿತಿ ಬೇಕು, ಊಟದ ವ್ಯವಸ್ಥೆ ಬೇಕು, ತಿಳಿಯಿತು. ಆದರೆ ಒಂದು ಸಣ್ಣ ಕೆಲಸ ತಾವು ನಾಳೆಯೇ ಮಾಡಬಹುದು. ಜಿಗ್ಗಿಯ ಫೋನನ್ನು ವರ್ನಾಗೆ ಕೊಡಲು ಹೋದೆ. ಅವಳದು ಬೇರೆ ಕಂಪನಿ, ಕೈಯಲ್ಲಿರುವ ಫೋನು ಕರೆ ಬಂದರೆ ಅರ್ಧದಲ್ಲೇ ಸಾಯುವಂಥದು. ಅವಳ ಸಿಮ್ಮು ಹಾಕಿದರೆ ಜಿಗ್ಗಿಯ ಫೋನು ಒಪ್ಪಲಿಲ್ಲ. ಕಂತು ತೀರುವ ತನಕ ಬೀಗ ತೆಗೆಯುವುದಿಲ್ಲವಂತೆ. ತಾವು ಒಂದು ಕರೆ ಮಾಡಿ ಆ ಬೀಗ ತೆಗೆಸಿ. ಕಂತು ನಾನು ಕಟ್ಟುತ್ತೇನೆ, ಕೊನೆಯ ಡಾಲರಿನವರೆಗೂ. ವರ್ನಾ ಅದೇ ಪಟ್ಟಿಯಲ್ಲಿದ್ದಾಳೆ, ಮೇಲೆ ಬಂದಿದ್ದಾಳೆ. ಅವಳ ಕರೆ ಈ ವಾರವೇ ಬರಬಹುದು.

ಇಂತಿ,
ತಮ್ಮ ಇತ್ಯರ್ಥದಿಂದ ಪೂರ್ತಿ ತೃಪ್ತಳಾದ,
ರೆನಾಟಾ ವೊಯ್ಚಿಕ್
(ಫ್ಯಾಮಿಲಿ ಪ್ಲಾನಿನಲ್ಲಿ ಉಳಿದಿರುವ ಒಬ್ಬಳೇ ಸದಸ್ಯೆ)